ಫೋಲ್ಡರ್‌ನಲ್ಲಿರುವ ಫೈಲನ್ನೇ ಎಸ್3 ಮೂಲಕ ಕೊಡಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹಳೆ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಸಣ್ಣ ತಂಡ. ಲಿನಕ್ಸ್ ಸರ್ವರ್‌ನಲ್ಲಿ ಸುಮಾರು 6 ಟಿಬಿ ಚಿತ್ರಗಳಿವೆ. ಹುಡುಗರು ಸಾಂಬಾ ಫೋಲ್ಡರ್‌ಗೆ (ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್) ನೇರವಾಗಿ ಹಾಕುತ್ತಾರೆ. ಹೊಸ ವೆಬ್ ಆ್ಯಪ್ ಎಸ್3 (ವೆಬ್ ಮೂಲಕ ಫೈಲ್ ಇಡುವ, ತೆಗೆಯುವ ಅಮೆಜಾನ್‌ನ ವಿಧಾನ) ಬಿಟ್ಟು ಬೇರೇನನ್ನೂ ಓದುವುದಿಲ್ಲ. ಎಲ್ಲವನ್ನೂ ಇನ್ನೊಮ್ಮೆ ಕಾಪಿ ಮಾಡಿಡಲು ಡಿಸ್ಕ್ ಇಲ್ಲ. ಎಸ್3 ಸರ್ವರ್ ಸಾಫ್ಟ್‌ವೇರ್ ಆದ ಮಿನಿಯೋದ ಗೇಟ್‌ವೇ ಹಾಕಿ ಅಂತ ಒಬ್ಬರು ಹೇಳಿದರು. ಸರಿನಾ?

ಉತ್ತರ: ಅದು ಹಳೆ ಸಲಹೆ. ಮಿನಿಯೋದಲ್ಲಿದ್ದ ಆ ಗೇಟ್‌ವೇಯನ್ನು 2022ರಲ್ಲೇ ತೆಗೆದರು. ಈಗಿನ ಮಿನಿಯೋ ಎಲ್ಲವನ್ನೂ ತನ್ನದೇ ರೂಪದಲ್ಲಿ ಡಿಸ್ಕ್‌ನಲ್ಲಿ ಇಡುತ್ತದೆ. ಫೋಲ್ಡರ್ ತೆರೆದರೆ ಚಿತ್ರ ಚಿತ್ರವಾಗಿ ಸಿಗುವುದಿಲ್ಲ.

ನಿಮಗೆ ಬೇಕಿರುವುದು ಇದ್ದ ಫೈಲನ್ನು ಇದ್ದ ಹಾಗೇ ಎಸ್3 ಮೂಲಕ ಕೊಡುವ ಗೇಟ್‌ವೇ, ಅಂದರೆ ನಡುವಿನ ಸಾಫ್ಟ್‌ವೇರ್. ವರ್ಸಿಟಿ ಗೇಟ್‌ವೇ ಅಂಥದ್ದು, ಓಪನ್ ಸೋರ್ಸ್. ಸುಮ್ನೆ ಪರೀಕ್ಷೆ ಮಾಡಿ ನೋಡಲು ಆರ್‌ಕ್ಲೋನ್ ಅನ್ನುವ ಫೈಲ್ ಕಾಪಿ ಟೂಲ್‌ನ 'ಸರ್ವ್ ಎಸ್3' ಕಮಾಂಡ್ ಸಾಕು. ಎರಡರಲ್ಲೂ ನೀವು ತೋರಿಸಿದ ಡೈರೆಕ್ಟರಿಯ ಮೊದಲ ಹಂತದ ಫೋಲ್ಡರ್‌ಗಳು ಬಕೆಟ್ (ಎಸ್3ಯಲ್ಲಿ ಫೈಲ್ ಇಡುವ ಡಬ್ಬಿ) ಆಗುತ್ತವೆ. ಅದರ ಕೆಳಗಿನ ಪಾತ್ ಆಬ್ಜೆಕ್ಟ್‌ನ (ಎಸ್3ಯಲ್ಲಿ ಫೈಲ್‌ಗೆ ಹೀಗೆನ್ನುತ್ತಾರೆ) ಕೀ, ಅಂದರೆ ಹೆಸರು ಆಗುತ್ತದೆ.

ಒಂದು ವಿಷಯ ಮಾತ್ರ ಬಹಳ ಗಮನದಲ್ಲಿಡಿ. ಎಸ್3ಯಲ್ಲಿ ಆಬ್ಜೆಕ್ಟ್ ಇದ್ದರೆ ಪೂರ್ತಿ ಇರುತ್ತದೆ, ಅಪ್‌ಲೋಡ್ ಮುಗಿಯುವವರೆಗೆ ಕಾಣುವುದೇ ಇಲ್ಲ. ಆ್ಯಪ್ ಬರೆದವರು ಅದನ್ನೇ ನಂಬಿರುತ್ತಾರೆ. ಸಾಂಬಾದಲ್ಲಿ ಹಾಗಲ್ಲ. 200 ಎಂಬಿ ಚಿತ್ರ ಅರ್ಧ ಕಾಪಿ ಆಗಿರುವಾಗಲೇ ಹೆಸರು ಕಾಣುತ್ತದೆ, ಆ್ಯಪ್ ಅರ್ಧ ಪುಟವನ್ನೇ ಎತ್ತಿಕೊಳ್ಳುತ್ತದೆ. ಹುಡುಗರು ಬೇರೆ ಫೋಲ್ಡರ್‌ಗೆ ಹಾಕಲಿ. ಕಾಪಿ ಮುಗಿದ ಮೇಲೆ ಒಂದು ಸ್ಕ್ರಿಪ್ಟ್ ಅದನ್ನು ಬಕೆಟ್ ಫೋಲ್ಡರ್‌ಗೆ ಮೂವ್ ಮಾಡಲಿ. ಎರಡೂ ಒಂದೇ ಫೈಲ್ ಸಿಸ್ಟಮ್‌ನಲ್ಲಿದ್ದರೆ ಮೂವ್ ಒಂದೇ ಏಟಿಗೆ ಆಗುತ್ತದೆ. ಆ್ಯಪ್‌ಗೆ ಓದುವ ಅನುಮತಿ ಮಾತ್ರ ಕೊಡಿ. ಎರಡೂ ಕಡೆಯಿಂದ ಬರೆಯಲು ಬಿಟ್ಟರೆ ಯಾರು ಯಾರದ್ದನ್ನು ಅಳಿಸಿದರು ಅಂತ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಪ್ರಶ್ನೆ: ಥ್ಯಾಂಕ್ಸ್ ಸರ್, ಆರ್‌ಕ್ಲೋನ್‌ನಲ್ಲಿ ನೋಡಿದೆ, ಬಂತು. ಫೈಲ್ ಹೆಸರುಗಳೆಲ್ಲ ಕನ್ನಡದಲ್ಲಿವೆ. ಕೆಲವು ಮಾತ್ರ 404 (ಸಿಗಲಿಲ್ಲ ಅನ್ನುವ ದೋಷ) ಕೊಡುತ್ತಿವೆ. ಲಿಸ್ಟ್‌ನಲ್ಲಿ ಅದೇ ಹೆಸರು ಕಾಣುತ್ತದೆ!

ಉತ್ತರ: ಆ ಫೈಲ್‌ಗಳು ಹಳೆ ಮ್ಯಾಕ್‌ನಿಂದ ಬಂದವಾ? ಯೂನಿಕೋಡ್‌ನಲ್ಲಿ 'ಕೀ' ಅನ್ನುವ ಅಕ್ಷರದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಅಂತ ಬಿಡಿಸಿಯೂ ಬರೆಯಬಹುದು. ಹಳೆ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ. ಎಸ್3 ನೋಡುವುದು ಬೈಟ್‌ಗಳನ್ನು, ಲಿನಕ್ಸ್ ಕೂಡ ಸಾಮಾನ್ಯವಾಗಿ ಹಾಗೇ. 'ಕಾನ್ವ್‌ಎಂವಿ' ಅನ್ನುವ ಟೂಲ್‌ನಲ್ಲಿ ಎನ್‌ಎಫ್‌ಸಿ (ಕೂಡಿಸಿ ಬರೆಯುವ ರೂಪ) ಆಯ್ಕೆ ಕೊಟ್ಟು ಎಲ್ಲ ಹೆಸರನ್ನೂ ಒಂದೇ ರೂಪಕ್ಕೆ ತನ್ನಿ. ಮೊದಲು ಬ್ಯಾಕಪ್ ಇದೆಯಾ ನೋಡಿಕೊಳ್ಳಿ.

ಹೆಸರಿನ ಉದ್ದವನ್ನೂ ನೋಡಿ. ಲಿನಕ್ಸ್‌ನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಸ್ತ್ರೀ' ಒಂದಕ್ಕೇ 18 ಬೈಟ್ ಹೋಗುತ್ತದೆ. ಬಕೆಟ್ ಆಗುವ ಫೋಲ್ಡರ್‌ಗೆ ಮಾತ್ರ ಕನ್ನಡ ಹೆಸರು ನಡೆಯುವುದಿಲ್ಲ. ಇಂಗ್ಲಿಷಿನ ಸಣ್ಣ ಅಕ್ಷರ ಮತ್ತು ಅಂಕಿಗಳಲ್ಲಿ, 3ರಿಂದ 63 ಅಕ್ಷರದೊಳಗೆ ಇಡಿ.