ಅಪ್‌ಡೇಟ್: ಡಬ್ಲಿನ್ ಕ್ಲೈಂಟ್ ಭೇಟಿ ಆಯಿತು

ಐರ್ಲೆಂಡ್‌ನ ರಾಜಧಾನಿ ಡಬ್ಲಿನ್‌ನ ಕ್ಲೈಂಟ್ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅಂತ ಹೋಗುವ ಮೊದಲು ನಿಮ್ಮನ್ನೆಲ್ಲ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಸರ್, ಮೇಡಂ ಬೇಡ ಅಂದಿದ್ದಿರಿ. ನಿಜ, ಡೈರೆಕ್ಟರ್ ಕೂಡ ಬರೀ ಹೆಸರು ಹೇಳಿಯೇ ಕೈ ಕುಲುಕಿದರು. ಕೆಲಸದ ಮಾತಿಗೆ ಮುಂಚೆ ಮಳೆ, ಊರು, ಹರ್ಲಿಂಗ್ (ಕೋಲು, ಚೆಂಡಿನ ಐರಿಷ್ ಆಟ) ಎಲ್ಲ ಬಂತು. ಆ ಆಟ ನಡೆಯುವ ಡಬ್ಲಿನ್‌ನ ಕ್ರೋಕ್ ಪಾರ್ಕ್ ಸ್ಟೇಡಿಯಂನಲ್ಲಿ 82,000ಕ್ಕೂ ಹೆಚ್ಚು ಜನ ಕೂರಬಹುದಂತೆ. ಅಲ್ಲಿ ಆಡುವವರು ಸಂಬಳ ಪಡೆಯದ ಹವ್ಯಾಸಿಗಳು ಅಂತ ಕೇಳಿ ನನಗೆ ಬಹಳ ಗೌರವ ಬಂತು.

ನಿಮ್ಮ ಸಲಹೆಗಳಲ್ಲಿ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಪಬ್‌ನದ್ದು. ಒಬ್ಬರು ಎಲ್ಲರಿಗೂ ಕೊಡಿಸುತ್ತಾರೆ, ಆಮೇಲೆ ಇನ್ನೊಬ್ಬರ ಸರದಿ. ನಾನು ಕುಡಿಯುವುದಿಲ್ಲ. ಆದರೂ ನನ್ನ ಸರದಿಯಲ್ಲಿ ಎಲ್ಲರಿಗೂ ಕೊಡಿಸಿದೆ, ನನಗೆ ಆಲ್ಕೋಹಾಲ್ ಇಲ್ಲದ ಗಿನ್ನೆಸ್ ಬಿಯರ್ ತಗೊಂಡೆ. ಯಾಕೆ ಕುಡಿಯಲ್ಲ ಅಂತ ಯಾರೂ ಒತ್ತಾಯ ಮಾಡಲಿಲ್ಲ.

ಬೆಲೆಯ ಮಾತಿನಲ್ಲಿ ಮಾತ್ರ ಕಿವಿ ಚುರುಕಾಗಿರಬೇಕು. "ಆಗಲ್ಲ" ಅಂತ ಮುಖಕ್ಕೆ ಹೇಳಲಿಲ್ಲ, "ಸ್ವಲ್ಪ ಯೋಚಿಸ್ತೀವಿ" ಅಂದರು. ನಮ್ಮ ಕಡೆಯೂ ಹಾಗೇ ಅಲ್ವಾ? ಅದು ಬೇಡ ಅನ್ನೋ ಅರ್ಥ ಅಂತ ತಿಳಿದು, ನಾನು ಮೊದಲು ಹೇಳಿದ್ದ ಬೆಲೆ ಬಿಟ್ಟು ಬೇರೆ ಲೆಕ್ಕ ಮುಂದಿಟ್ಟೆ, ಅದು ಒಪ್ಪಿಗೆಯಾಯಿತು.

ಇನ್ನೊಂದು, ಐರ್ಲೆಂಡನ್ನು ಬ್ರಿಟನ್ ಜೊತೆ ಸೇರಿಸಿ ಮಾತಾಡಬೇಡಿ. ಐರ್ಲೆಂಡ್ ಬೇರೆ ದೇಶ, ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಮಾತ್ರ ಯುಕೆಗೆ ಸೇರಿದ್ದು. ಅದಕ್ಕೇ ಡಬ್ಲಿನ್‌ನಲ್ಲಿ ಯೂರೋ, ಬೆಲ್‌ಫಾಸ್ಟ್‌ನಲ್ಲಿ ಪೌಂಡ್. ಬಿಲ್ ಕಳಿಸುವವರು ಇದನ್ನು ನೋಡಿಕೊಳ್ಳಿ.

ಮುಂದಿನ ಕಾಲ್ ಮಾರ್ಚ್‌ನಲ್ಲಿ. 17ಕ್ಕೆ ಸೇಂಟ್ ಪ್ಯಾಟ್ರಿಕ್ ದಿನದ ರಜೆ, ಅದಕ್ಕೇ 19ಕ್ಕೆ ಇಟ್ಟಿದ್ದೇವೆ.