ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಯ ಮೀನು ಮಗುವಿಗೆ ಕೊಡಬಹುದಾ?

ಕೆರೆಯಂಗಳ:
ನಮ್ಮದು ಕೋಲಾರ ತಾಲ್ಲೂಕಿನ ಸಣ್ಣ ಹಳ್ಳಿ. ನಾನು ಮದುವೆಯಾಗಿ ಬಂದಾಗ ಊರ ಕೆರೆ ತುಂಬಾ ಜಾಲಿ ಗಿಡ, ಹುಡುಗರು ಅಲ್ಲೇ ಕ್ರಿಕೆಟ್ ಆಡ್ತಿದ್ರು. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆಮೇಲೆ ಒಂದೊಂದೇ ಕೆರೆ ಕೋಡಿ ಬಿದ್ದು ನಮ್ಮೂರಿಗೂ ನೀರು ಬಂತು. ಈಗ ಮೀನು ಹರಾಜಾಗುತ್ತೆ. ಭಾನುವಾರ ಏರಿ ಮೇಲೆ ತಕ್ಕಡಿ ಇಟ್ಟು ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಮಾರ್ತಾರೆ. ಇನ್ನೂ ಬಡಿದಾಡೋ ಮೀನು.

ಹೋದ ವಾರ ತಂದ ಗೆಂಡೆಗೆ ಕೆಸರಿನ ವಾಸನೆ. ಕಿವಿರು ಬಿಡಿಸಿದರೆ ಒಳಗೆ ಕಪ್ಪು ಲೋಳೆ. ಅತ್ತೆ ಹುಣಸೆಹುಳಿ ಜಾಸ್ತಿ ಹಾಕಿ ಸಾರು ಮಾಡಿದ್ರು, ವಾಸನೆ ಹೋಯ್ತು. ಆದ್ರೆ ನನ್ನ ಮನಸ್ಸು ಒಪ್ಪಲಿಲ್ಲ. ಮಗಳಿಗೆ ಆರು ವರ್ಷ. ಮೀನಲ್ಲಿ ಕ್ಯಾಲ್ಸಿಯಂ ಇದೆ, ಕೊಡಿ ಅಂತಾರೆ. ಈ ನೀರಿನ ಮೀನಲ್ಲೂ ಅದೇ ಸತ್ವ ಇರುತ್ತಾ? ಜೊತೆಗೆ ಸೀಸ ಗೀಸ ಬಂದ್ರೆ?

ಹೊಂಗೆನೆರಳು:
ಚೆನ್ನಾಗಿ ಕುದಿಸಿ ಅಕ್ಕ, ಎಲ್ಲಾ ಸಾಯುತ್ತೆ. ನಾವು ವರ್ಷದಿಂದ ತಿಂತಿದ್ದೀವಿ.

ಮೀನುಮರಿ:
ಕುದಿಸಿದರೆ ಸಾಯೋದು ರೋಗಾಣು ಅಣ್ಣ. ಸೀಸ, ಕ್ಯಾಡ್ಮಿಯಂ, ಪಾದರಸ ಕುದಿಯೋದರಿಂದ ಹೋಗಲ್ಲ.

ಅಕ್ಕ, ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವನು. ಓದುವಾಗ ಕೋಲ್ಕತ್ತದ ಪೂರ್ವಕ್ಕಿರುವ ಭೇರಿಗಳನ್ನು, ಅಂದ್ರೆ ಮೀನು ಸಾಕುವ ದೊಡ್ಡ ಹೊಂಡಗಳನ್ನು ನೋಡಿ ಬಂದಿದ್ದೆ. ಸುಮಾರು 12,500 ಹೆಕ್ಟೇರಿನ ಆ ಜೌಗುಪ್ರದೇಶ 2002ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ನಗರದ ಕೊಳಚೆಯಲ್ಲೇ ಅಲ್ಲಿ ಮೀನು ಸಾಕ್ತಾರೆ. ಆದರೆ ಹಸಿ ಕೊಳಚೆಗೆ ಮರಿ ಬಿಡಲ್ಲ. ಹೊಂಡ ಒಣಗಿಸಿ ಸುಣ್ಣ ಹಾಕ್ತಾರೆ, ಆಳವಿಲ್ಲದ ನೀರನ್ನು ಬಿಸಿಲಿಗೆ ಬಿಡ್ತಾರೆ, ಪಾಚಿ ಬಂದು ನೀರು ಹಸಿರಾದ ಮೇಲೆ ಮರಿ. ದಂಡೆಗುಂಟ ಅಂತರಗಂಗೆ ಬೆಳೆಸಿರ್ತಾರೆ, ಅದು ಅಲೆ ತಡೆಯುತ್ತೆ, ಲೋಹವನ್ನೂ ಹೀರುತ್ತೆ. ಮನೆ ಕೊಳಚೆಯನ್ನು ಬಿಸಿಲು, ಪಾಚಿ ಅರಗಿಸಿಕೊಳ್ಳುತ್ತವೆ. ಚರ್ಮ ಹದ ಮಾಡುವ ಕಡೆಯಿಂದ ಬರುವ ಕ್ರೋಮಿಯಂ ಅರಗಲ್ಲ. ನಮ್ಮ ಕಡೆ ಪೀಣ್ಯದ ಕಾರ್ಖಾನೆ ನೀರು ಸೇರುವ ವೃಷಭಾವತಿ, ಅದು ಹೋಗಿ ತುಂಬುವ ಬೈರಮಂಗಲ ಕೆರೆ, ಅಲ್ಲಿಯ ಮೀನನ್ನು ನಾನು ಮುಟ್ಟಲ್ಲ. ನಿಮ್ಮ ಕೆರೆಗೆ ಬರೋದು ಸಂಸ್ಕರಿಸಿದ ನೀರು. ಘಟಕದಲ್ಲಿ ಲೋಹದ ಬಹುಪಾಲು ಕೆಸರಿನ ಜೊತೆ ಕೂರುತ್ತೆ, ಉಳಿದದ್ದು ವರ್ಷ ಕಳೆದಂತೆ ಕೆರೆಯ ತಳದಲ್ಲಿ ಸೇರುತ್ತೆ.

ಸತ್ವದ ಮಾತು: ಸತು, ತಾಮ್ರದಂಥವನ್ನು ಮೀನಿನ ಮೈಯೇ ಹದದಲ್ಲಿ ಇಟ್ಟುಕೊಳ್ಳುತ್ತೆ, ಕೊಳಚೆ ನೀರಾದ್ರೂ ಮಾಂಸದಲ್ಲಿ ಅವು ಅಷ್ಟಾಗಿ ಹೆಚ್ಚಾಗಲ್ಲ. ಸೀಸ ಹಾಗಲ್ಲ. ಅದು ಕ್ಯಾಲ್ಸಿಯಂ ದಾರಿ ಹಿಡಿದು ಮುಳ್ಳಿನಲ್ಲಿ ಕೂರುತ್ತೆ. ಅದಕ್ಕೇ ಸಣ್ಣ ಮೀನನ್ನು ಮುಳ್ಳು ಸಮೇತ ಅಗಿದು ತಿನ್ನೋದು ಒಳ್ಳೆ ನೀರಿನಲ್ಲಿ ಕ್ಯಾಲ್ಸಿಯಂ, ಕೆಟ್ಟ ನೀರಿನಲ್ಲಿ ಸೀಸವೂ ಜೊತೆಗೆ. ಕ್ಯಾಡ್ಮಿಯಂ ಹೆಚ್ಚಾಗಿ ಪಿತ್ತಜನಕಾಂಗ, ಮೂತ್ರಪಿಂಡಗಳಲ್ಲಿ. ಪಾದರಸ ಮಾತ್ರ ಮಾಂಸಕ್ಕೇ ಸೇರುತ್ತೆ, ಅದೂ ಬೇರೆ ಮೀನು ತಿನ್ನುವ ಮೀನಿನಲ್ಲಿ ಹೆಚ್ಚು. ಗೆಂಡೆ, ಮೃಗಾಲ್ ತಳದ ಕೆಸರು ಕೆದಕಿ ತಿನ್ನುತ್ತವೆ. ಕಾಟ್ಲಾ ಮೇಲ್ಮೈಯಲ್ಲಿ ಮೇಯುತ್ತೆ. ನಾನಾಗಿದ್ರೆ ಮಗುವಿಗೆ ಕಾಟ್ಲಾದ ಬೆನ್ನಿನ ತುಂಡು ಮಾತ್ರ ಕೊಡ್ತಿದ್ದೆ, ತಲೆ, ಕರುಳು, ಕಿವಿರು ಎಸೀತಿದ್ದೆ.

ಕೆಸರಿನ ವಾಸನೆ ವಿಷವಲ್ಲ, ನೀಲಿಹಸಿರು ಪಾಚಿ ಬಿಡುವ ಜಿಯೋಸ್ಮಿನ್ ಅನ್ನೋ ವಸ್ತು. ಹುಳಿಗೆ ಅದು ಒಡೆಯುತ್ತೆ, ನಿಮ್ಮತ್ತೆ ಕೈ ಸರಿಯಾಗೇ ಇದೆ. ಆದರೆ ವಾಸನೆ ಹೋದ ಮಾತ್ರಕ್ಕೆ ಮೀನು ಶುದ್ಧ ಅಂತ ಅಲ್ಲ.

ಕೆರೆಯಂಗಳ:
ತುಂಬಾ ಉಪಕಾರ ಆಯ್ತು. ಪರೀಕ್ಷೆ ಮಾಡಿಸೋಕೆ ಆಗುತ್ತಾ?

ಮೀನುಮರಿ:
ಆಗುತ್ತೆ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಒಂದು ಕಾಟ್ಲಾ, ಒಂದು ಗೆಂಡೆ ಐಸಿನಲ್ಲಿಟ್ಟು ಕಳಿಸಿ. ಮಾಂಸ ಬೇರೆ, ಮುಳ್ಳು ಬೇರೆ ನೋಡಿ ಅಂತ ಬರೆದು ಕೊಡಿ. ಮೀನಿನ ಸೀಸಕ್ಕೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಕಿಲೋಗೆ 0.3 ಮಿಲಿಗ್ರಾಂ. ಖರ್ಚು ಒಬ್ಬರ ಮೇಲೆ ಬೀಳಬಾರದು, ಹರಾಜು ಹಿಡಿದವರನ್ನೂ ಪಂಚಾಯಿತಿಯನ್ನೂ ಕೇಳಿ.

ಕೆರೆಯಂಗಳ:
ಭಾನುವಾರ ತಕ್ಕಡಿ ಹತ್ತಿರವೇ ಕೇಳ್ತೀನಿ. ಅಲ್ಲಿ ಮೀನು ತಗೊಳ್ಳೋಕೆ ಬರೋದು ನಾವು ಹೆಂಗಸರೇ ಜಾಸ್ತಿ, ಎಲ್ಲರೂ ಸೇರಿ ಕೇಳ್ತೀವಿ.