ಮನೆ ಮತ್ತು ವೃದ್ಧರ ಆರೈಕೆ ಕೇಂದ್ರಕ್ಕೆ ದೊಡ್ಡ ಜಾಗ: ಕೊಳ್ಳುವ ಮೊದಲು ಏನು ನೋಡಬೇಕು?

ಕೇಳಿದವರು: ಮೂವರು ಸೇರಿ ಎರಡು ಹೆಕ್ಟೇರ್ ಜಾಗ ನೋಡಿದ್ದೇವೆ. ಹಿಂದೆ ಕಾರ್ಖಾನೆ ಇತ್ತಂತೆ, ಈಗ ಪಾಳುಬಿದ್ದ ಶೆಡ್‌ಗಳಷ್ಟೇ. ಒಂದು ಭಾಗದಲ್ಲಿ ಮನೆಗಳು, ಇನ್ನೊಂದರಲ್ಲಿ ವೃದ್ಧರ ಆರೈಕೆ ಕೇಂದ್ರ ಕಟ್ಟುವ ಆಸೆ. ಮಾರುವವರು ಬೇಗ ಮುಗಿಸಿ ಅಂತ ದುಂಬಾಲು ಬಿದ್ದಿದ್ದಾರೆ. ಅನುಭವ ಇದ್ದವರು ತಿಳಿಸಿ.

ಇಂಥದ್ದೇ ಜಾಗ ಕೊಂಡವರು: ಅವಸರ ಅವರದ್ದು, ನಿಮ್ಮದಲ್ಲ. ಪೂರ್ತಿ ಹಣ ಕೊಟ್ಟು ಆಮೇಲೆ ಅನುಮತಿಗೆ ಅಲೆಯುವ ಬದಲು, ಸ್ವಲ್ಪ ಮುಂಗಡ ಕೊಟ್ಟು ‘ಕಟ್ಟಲು ಅನುಮತಿ ಸಿಕ್ಕರೆ ಮಾತ್ರ ಖರೀದಿ’ ಅಂತ ಕರಾರು ಮಾಡಿಕೊಳ್ಳಿ. ಎಷ್ಟು ದಿನದ ಗಡುವು, ಮುಂಗಡ ವಾಪಸ್ ಬರುತ್ತೋ ಇಲ್ಲವೋ, ಆ ಗಡುವಿನೊಳಗೆ ಬೇರೆಯವರಿಗೆ ಮಾರುವಂತಿಲ್ಲ ಅನ್ನೋದು, ಎಲ್ಲ ಬರವಣಿಗೆಯಲ್ಲಿರಲಿ. ನಾವು ಹೀಗೆ ಕೇಳಿದ್ದಕ್ಕೆ ಮಾರುವವರು ದರ ಸ್ವಲ್ಪ ಏರಿಸಿದರು. ಒಪ್ಪಿಕೊಂಡೆವು, ಈಗಲೂ ಅದು ದುಬಾರಿ ಅನಿಸಿಲ್ಲ.

ಬೆಲೆಯ ವಿಷಯ. ಪಕ್ಕದ ಜಾಗ ಎಷ್ಟಕ್ಕೆ ಹೋಯಿತು ಅನ್ನುವುದನ್ನೇ ಹಿಡಿದು ಕೂರಬೇಡಿ. ಹಿಂದಿನಿಂದ ಲೆಕ್ಕ ಹಾಕಿ: ಎಲ್ಲ ಕಟ್ಟಿದ ಮೇಲೆ ಬರುವ ಹಣದಿಂದ ಕಟ್ಟುವ ಖರ್ಚು, ಬಡ್ಡಿ, ಶುಲ್ಕ, ನಿಮ್ಮ ಲಾಭ ಕಳೆಯಿರಿ. ಉಳಿದದ್ದು ಜಾಗಕ್ಕೆ ಕೊಡಬಹುದಾದ ಗರಿಷ್ಠ ಮೊತ್ತ. ಎರಡು ಹೆಕ್ಟೇರ್ ಅಂದರೆ 20,000 ಚದರ ಮೀಟರ್ ನಿಜ, ಆದರೆ ಒಳರಸ್ತೆ, ಬಯಲು ಜಾಗ, ಗಡಿಯಿಂದ ಬಿಡಬೇಕಾದ ಅಂತರ, ವಿದ್ಯುತ್ ತಂತಿಯ ಕೆಳಗಿನ ಪಟ್ಟಿ ಎಲ್ಲ ಹೋಗಿ ಉಳಿಯುವುದರ ಮೇಲೆ ಲೆಕ್ಕ ನಿಲ್ಲಬೇಕು.

ಸಿವಿಲ್ ಎಂಜಿನಿಯರ್: ಕಾರ್ಖಾನೆ ಅಂದಿರಲ್ಲ, ಏನು ತಯಾರಿಸುತ್ತಿದ್ದರು? ಅದು ಮೊದಲು ತಿಳಿಯಲಿ. ನೆಲದೊಳಗೆ ಹೂತ ಎಣ್ಣೆ ಟ್ಯಾಂಕ್, ಸೋರಿದ ರಾಸಾಯನಿಕ, ಶೆಡ್ ಮೇಲಿನ ಆಸ್ಬೆಸ್ಟಾಸ್ ಶೀಟು, ಇವನ್ನು ತೆಗೆಸುವ ಖರ್ಚು ಕೆಲವೊಮ್ಮೆ ಜಾಗದ ಲಾಭವನ್ನೇ ನುಂಗುತ್ತದೆ. ಮಣ್ಣು, ಅಂತರ್ಜಲ ಎರಡನ್ನೂ ಪರೀಕ್ಷೆ ಮಾಡಿಸಿ. ಬೋರು ಕೊರೆದು ಮಣ್ಣು ತೆಗೆಯಲು ಮಾರುವವರು ಬಿಡುವುದಿಲ್ಲ ಅಂದರೆ ಅದೇ ಒಂದು ಉತ್ತರ.

ಮಳೆನೀರೂ ಅಷ್ಟೇ. 50 ಮಿ.ಮೀ. ಮಳೆ ಬಿದ್ದರೆ ನಿಮ್ಮ ಜಾಗದ ಮೇಲೆ 10 ಲಕ್ಷ ಲೀಟರ್ ನೀರು. ಕಟ್ಟಡ, ಕಾಂಕ್ರೀಟು ಬಂದ ಮೇಲೆ ಅದು ಇಂಗುವುದು ಕಡಿಮೆ. ಎಲ್ಲಿಗೆ ಹೋಗುತ್ತೆ ಅಂತ ಈಗಲೇ ಕೇಳಿ.

ಆರೈಕೆ ಕೇಂದ್ರ ನಡೆಸುವವರು: ಇಳಿಜಾರಿನ ಮಾತು ಯಾರೂ ಎತ್ತಲಿಲ್ಲ. ಗಾಲಿಕುರ್ಚಿಯ ರ‍್ಯಾಂಪಿಗೆ ಸಾಮಾನ್ಯವಾಗಿ 1:12 ಹಿಡಿಯುತ್ತಾರೆ. ಮೂರು ಮೀಟರ್ ಏರಬೇಕೆಂದರೆ 36 ಮೀಟರ್ ರ‍್ಯಾಂಪು, ನಡುವೆ ನಿಲ್ಲುವ ಸಮತಟ್ಟುಗಳು ಬೇರೆ. ನೋಟ ಚೆನ್ನಾಗಿದೆ ಅಂತ ದಿಬ್ಬ ಕೊಂಡವರು ಆಮೇಲೆ ಲಿಫ್ಟಿಗೆ ಸುರಿಯುತ್ತಾರೆ. ಇನ್ನೊಂದು, ರಾತ್ರಿ ಪಾಳಿಯ ನರ್ಸುಗಳು ಹೇಗೆ ಬಂದು ಹೋಗುತ್ತಾರೆ? ಬಸ್ಸಿಲ್ಲದ ಕಡೆ ಕೆಲಸದವರು ನಿಲ್ಲುವುದಿಲ್ಲ, ಎಷ್ಟು ಚಂದದ ಕಟ್ಟಡವಾದರೂ ಸರಿ. ಆಂಬ್ಯುಲೆನ್ಸ್ ಹಿಂದೆ ಸರಿಯದೆ ಬಾಗಿಲ ತನಕ ಬಂದು ತಿರುಗಿ ಹೋಗುವಂತಿರಲಿ.

ಇನ್ನೊಬ್ಬರು: ರಸ್ತೆ ಮತ್ತು ನಿಮ್ಮ ಗಡಿಯ ನಡುವೆ ಬೇರೆಯವರ ಹೆಸರಿನ ಒಂದಡಿ ಪಟ್ಟಿ ಇದೆಯೇ ನೋಡಿ. ಇದ್ದರೆ ದಾರಿಗೆ ಅವರು ಹೇಳಿದ್ದೇ ಬೆಲೆ.

ಕೇಳಿದವರು: ಜಾಗ ಹಿಂಬದಿಗೆ ಚೆನ್ನಾಗಿಯೇ ಇಳಿಯುತ್ತದೆ, ಗಮನಿಸಿರಲಿಲ್ಲ. ಹಾಗಾದರೆ ಆರೈಕೆ ಕೇಂದ್ರ ಮುಂದೆ, ಮನೆಗಳು ಹಿಂದೆ ಸರಿಹೋಗುತ್ತಾ?

ಸಿವಿಲ್ ಎಂಜಿನಿಯರ್: ಬಹುಶಃ. ಆದರೆ ಒಳಚರಂಡಿ ಮುಂದಿನ ರಸ್ತೆಯಲ್ಲಿದ್ದರೆ ಹಿಂದಿನ ಮನೆಗಳ ಕೊಳಚೆಯನ್ನು ಪಂಪಿನಿಂದ ಮೇಲೆತ್ತಬೇಕು. ಮಟ್ಟ ಅಳೆದ ನಕ್ಷೆ ಬಂದ ಮೇಲೆ ನಿರ್ಧರಿಸಿ.